ಐದು ಕೆಜಿ ಸ್ಪ್ರಿಂಗು, 280 ಪೌಂಡ್ ಸ್ಪ್ರಿಂಗು: ಯಾವುದು ಹಾರ್ಡು?

ಈ ಸಲ ಬಂದ ಪತ್ರಗಳಲ್ಲಿ ಸ್ಪ್ರಿಂಗಿನದ್ದೇ ಜಾಸ್ತಿ. ಕ್ಲಚ್ಚು, ಮೈಲೇಜು, ಎಸಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಾಳಿಕೊಳ್ಳಿ. ಸಣ್ಣ ಗಾಡಿಗೆ ದೊಡ್ಡ ಆಸೆ ಇಟ್ಟುಕೊಂಡವರಿಗೆ ಈ ಸಂಚಿಕೆ ಮೀಸಲು.

ಪ್ರಶ್ನೆ: ಮೇಡಂ, ನನ್ನದು 2017ರ ಪೋಲೊ ಜಿಟಿ ಟಿಎಸ್‌ಐ. 70 ಸಾವಿರ ಕಿ.ಮೀ. ಓಡಿದೆ, ಸಸ್ಪೆನ್ಷನ್ ಎಲ್ಲ ಕಂಪನಿಯದ್ದೇ. ಅರಬೈಲ್ ಘಟ್ಟದ ತಿರುವುಗಳಲ್ಲಿ ಗಾಡಿ ವಾಲುತ್ತದೆ, ಹಂಪ್ ಹಾರಿದ ಮೇಲೆ ಒಂದೆರಡು ಸಲ ತೂಗುತ್ತದೆ. ಮೂರು ಕಡೆ ವಿಚಾರಿಸಿದೆ. ಒಬ್ಬರು 30 ಮಿ.ಮೀ. ಕೆಳಗಿಳಿಸುವ ಸ್ಪ್ರಿಂಗ್ ಕೊಡ್ತೀವಿ, 30 ಪರ್ಸೆಂಟ್ ಹಾರ್ಡ್ ಅಂದರು. ಇನ್ನೊಬ್ಬರ ಕಾಯಿಲೋವರ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಸೇರಿದ ಸೆಟ್) ಮುಂದೆ 5, ಹಿಂದೆ 4 ಅಂತೆ. ಮೂರನೆಯವರದ್ದು ಮುಂದೆ 280! ಅಷ್ಟು ಹಾರ್ಡ್ ಹಾಕಿದರೆ ಸೊಂಟ ಉಳಿಯುತ್ತಾ? ಅಪ್ಪ ಅಮ್ಮನೂ ಇದೇ ಗಾಡಿಯಲ್ಲಿ ಓಡಾಡುತ್ತಾರೆ. ಯಾವುದು ತಗೊಳ್ಳಲಿ?
ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಆ 280ರ ಭಯ ಬಿಡಿ. ಎರಡನೆಯವರು ಹೇಳಿದ 5, ಮೂರನೆಯವರು ಹೇಳಿದ 280, ಎರಡೂ ಒಂದೇ. 5 ಅಂದರೆ ಸ್ಪ್ರಿಂಗನ್ನು 1 ಮಿ.ಮೀ. ಅದುಮಲು 5 ಕೆಜಿ ಭಾರ ಬೇಕು ಅಂತ. ಜಪಾನಿನ ಮಾಲು ಹೀಗೆ ಲೆಕ್ಕ ಹಾಕುತ್ತದೆ. 280 ಅಂದರೆ 1 ಇಂಚು ಅದುಮಲು 280 ಪೌಂಡ್ ಬೇಕು ಅಂತ. ಇದು ಅಮೆರಿಕದ ರೂಢಿ. ಯುರೋಪಿನವರು ಮಿ.ಮೀ.ಗೆ ಎಷ್ಟು ನ್ಯೂಟನ್ ಅಂತ ಬರೆಯುತ್ತಾರೆ. ಕೆಜಿ ಲೆಕ್ಕವನ್ನು 9.81ರಿಂದ ಗುಣಿಸಿ, ಪೌಂಡ್ ಲೆಕ್ಕವನ್ನು 0.175ರಿಂದ ಗುಣಿಸಿ. ಎರಡೂ 49 ನ್ಯೂಟನ್‌ಗೆ ಬಂದು ನಿಲ್ಲುತ್ತವೆ. ಅಂಗಡಿಯವರಿಗೂ ಇದು ಗೊತ್ತಿರಬೇಕಿತ್ತು, ಇರಲಿ.

ಇನ್ನು ಆ "30 ಪರ್ಸೆಂಟ್". ಯಾವುದಕ್ಕಿಂತ 30 ಪರ್ಸೆಂಟ್? ಕಂಪನಿ ಸ್ಪ್ರಿಂಗಿಗಿಂತ ಅಂತ ಇಟ್ಟುಕೊಳ್ಳೋಣ. ಇಂಥ ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಿನ ಸ್ಪ್ರಿಂಗು 20 ನ್ಯೂಟನ್ ಆಚೀಚೆ ಇರುವುದು ಮಾಮೂಲು. ಲೆಕ್ಕಕ್ಕೆ 22 ಅಂತ ಹಿಡಿಯುತ್ತೇನೆ. ಅದರ ಮೇಲೆ 30 ಪರ್ಸೆಂಟ್ ಅಂದರೆ 28.6. ಈಗ ನಿಮ್ಮ ಮುಂದೆ ಮೂರು ಅಂಕಿ ಇವೆ: 22, 28.6, 49. ಕಾಯಿಲೋವರ್ ಕಂಪನಿ ಸ್ಪ್ರಿಂಗಿನ ಎರಡು ಪಟ್ಟಿಗಿಂತ ಜಾಸ್ತಿ ಗಟ್ಟಿ. ಆದರೆ ಇಲ್ಲಿಗೇ ತೀರ್ಮಾನಕ್ಕೆ ಬರಬೇಡಿ. ಸ್ಪ್ರಿಂಗಿನ ಅಂಕಿ ಒಂದೇ ಇಟ್ಟುಕೊಂಡು ಏನೂ ಹೇಳಲಾಗದು. ಅದೇ 49ರ ಸ್ಪ್ರಿಂಗನ್ನು ಎರಡು ಟನ್ನಿನ ಎಸ್‌ಯುವಿಗೆ ಹಾಕಿದರೆ ಇಷ್ಟು ಗಟ್ಟಿ ಅನ್ನಿಸುವುದಿಲ್ಲ. ಅದರ ಮೇಲೆ ಎಷ್ಟು ಭಾರ ಕೂತಿದೆ ಅನ್ನುವುದು ಮುಖ್ಯ.

ಭಾರ ತಿಳಿಯಲು ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ಒಮ್ಮೆ, ಇಡೀ ಗಾಡಿ ಹತ್ತಿಸಿ ಒಮ್ಮೆ ತೂಗಿಸಿ. ನಿಮ್ಮದು ಸುಮಾರು 1,100 ಕೆಜಿಯ ಗಾಡಿ. ನೀವು ಕೂತ ಮೇಲೆ ಮುಂದೆ 700, ಹಿಂದೆ 470 ಬಂತು ಅನ್ನಿ. ಅದರಲ್ಲಿ ಚಕ್ರ, ಬ್ರೇಕು, ಹಬ್ಬು ಇವುಗಳ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಮುಂದೆ ಒಂದು ಬದಿಗೆ 40 ಕೆಜಿ, ಹಿಂದೆ 35 ಕೆಜಿ ಕಳೆಯಿರಿ. ಉಳಿಯುವುದು ಮುಂದೆ ಒಂದು ಸ್ಪ್ರಿಂಗಿಗೆ 310 ಕೆಜಿ, ಹಿಂದೆ 200 ಕೆಜಿ.

ಸ್ಪ್ರಿಂಗಿನ ಗಟ್ಟಿತನವೆಲ್ಲ ಚಕ್ರಕ್ಕೆ ಸಿಗುವುದೂ ಇಲ್ಲ. ಮುಂದೆ ಸ್ಟ್ರಟ್ಟು, ಅಂದರೆ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಹೊತ್ತ ಕಂಬ, ಸ್ವಲ್ಪ ಓರೆಯಾಗಿ ನಿಂತಿರುತ್ತದೆ. ಚಕ್ರ 1 ಮಿ.ಮೀ. ಏರಿದರೆ ಸ್ಪ್ರಿಂಗು ಸುಮಾರು 0.95 ಮಿ.ಮೀ. ಕುಗ್ಗುತ್ತದೆ. ಅದರ ವರ್ಗ ತೆಗೆದರೆ 0.9. ಅಂದರೆ 22ರ ಸ್ಪ್ರಿಂಗು ಚಕ್ರದ ಬಳಿ 19.8 ಆಯಿತು. ಇದನ್ನು 1,000ದಿಂದ ಗುಣಿಸಿ, 310ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. 1.27 ಬರುತ್ತದೆ. ಗಾಡಿಯ ಮೂತಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಸೆಕೆಂಡಿಗೆ 1.27 ಸಲ ತೂಗುವ ಸ್ವಭಾವ ಅದಕ್ಕಿದೆ ಅಂತ ಅರ್ಥ. ನಿಜವಾಗಿ ತೂಗದಂತೆ ಹಿಡಿಯುವುದು ಶಾಕ್ ಅಬ್ಸಾರ್ಬರಿನ ಕೆಲಸ.

ಈಗ ಮೂರನ್ನೂ ಹೋಲಿಸಿ. ಕಂಪನಿ ಸ್ಪ್ರಿಂಗು 1.27 ಹರ್ಟ್ಜ್. 30 ಪರ್ಸೆಂಟಿನದ್ದು 1.45. ಕಾಯಿಲೋವರ್ 1.90. ನೋಡಿದಿರಾ, ಸ್ಪ್ರಿಂಗು ಎರಡು ಪಟ್ಟಿಗಿಂತ ಗಟ್ಟಿಯಾದರೂ ಈ ಅಂಕಿ ಒಂದೂವರೆ ಪಟ್ಟು ಮಾತ್ರ ಏರಿತು. ವರ್ಗಮೂಲದ ಮಹಿಮೆ. ಮನೆಬಳಕೆಯ ಕಾರುಗಳು 1ರಿಂದ 1.5ರ ಒಳಗಿರುತ್ತವೆ. 1.5ರಿಂದ 2 ಅಂದರೆ ಟ್ರ್ಯಾಕಿಗೆ ಬಿಡುವ ಸೆಡಾನುಗಳ ಜಾಗ. ಹಾಗಾಗಿ ನಿಮ್ಮ ಎರಡನೆಯ, ಮೂರನೆಯ ಅಂಗಡಿಯವರು ತೋರಿಸಿದ್ದು ಟ್ರ್ಯಾಕಿನ ಮಾಲು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅದು ಬೇಡ.

ಅದರ ಹಿಂದಿನ 4 ಕೆಜಿ ಸ್ಪ್ರಿಂಗಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪೋಲೊ ಹಿಂದೆ ಸ್ಪ್ರಿಂಗೂ ಶಾಕ್ಸೂ ಬೇರೆ ಬೇರೆ ಕಡೆ ಕೂರುತ್ತವೆ. ಹಿಂದಿನ ಎರಡೂ ಚಕ್ರ ಹಿಡಿದ ಬೀಮು ಗಾಡಿಗೆ ಸೇರುವ ಬುಷ್ಷಿನಿಂದ ಸ್ಪ್ರಿಂಗಿಗೆ ಎಷ್ಟು ದೂರ, ಚಕ್ರದ ನಡುವಿಗೆ ಎಷ್ಟು ದೂರ ಅಂತ ಟೇಪ್ ಹಿಡಿದು ನೋಡಿ. ಅನುಪಾತ 0.8 ಬಂದರೆ ವರ್ಗ 0.64. 39 ನ್ಯೂಟನ್ ಸ್ಪ್ರಿಂಗು ಚಕ್ರದ ಬಳಿ 25ಕ್ಕೆ ಇಳಿಯಿತು. ನೀವೊಬ್ಬರೇ ಇದ್ದಾಗ 1.78 ಹರ್ಟ್ಜ್. ಹಿಂದೆ ಮೂವರು, ಡಿಕ್ಕಿಯಲ್ಲಿ ಲಗೇಜು ತುಂಬಿ ಒಂದೊಂದು ಬದಿಗೆ 110 ಕೆಜಿ ಸೇರಿದರೆ 1.43. ಮುಂದೆ ಇನ್ನೂ 1.90ರ ಹತ್ತಿರವೇ ಇದೆ. ಇದು ಉಲ್ಟಾ ಆಯಿತು. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಓಲಿ ಎಂಬ ಎಂಜಿನಿಯರ್ ಕಂಡುಕೊಂಡ ಸಂಗತಿ ಇದು: ಹಂಪನ್ನು ಮೊದಲು ಹತ್ತುವುದು ಮುಂದಿನ ಚಕ್ರ. ಹಿಂದಿನದು ತಡವಾಗಿ ಹತ್ತುತ್ತದೆ. ಹಿಂಭಾಗ ಸ್ವಲ್ಪ ಬೇಗ ತೂಗುವಂತಿದ್ದರೆ ಅದು ಓಡಿ ಬಂದು ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ, ಗಾಡಿ ಮಟ್ಟವಾಗಿ ಏರಿ ಇಳಿಯುತ್ತದೆ. ಹಿಂದೆ ನಿಧಾನವಾದರೆ ಮೂತಿ ಮೇಲೆ, ಬಾಲ ಕೆಳಗೆ, ಮತ್ತೆ ಬಾಲ ಮೇಲೆ, ಮೂತಿ ಕೆಳಗೆ. ಹಿಂದೆ ಕೂತವರ ತಲೆ ಕುಣಿಯುತ್ತಲೇ ಇರುತ್ತದೆ.

ಹಾಗಾದರೆ 30 ಪರ್ಸೆಂಟಿನದ್ದು ಸರಿ ಅಲ್ವಾ? 1.45 ಒಳ್ಳೆಯ ಅಂಕಿಯೇ. ತೊಂದರೆ ಇರುವುದು ಅದು ಗಾಡಿಯನ್ನು ಇಳಿಸುವ ಆ 30 ಮಿ.ಮೀ.ನಲ್ಲಿ. ಕಂಪನಿ ಎತ್ತರದಲ್ಲಿ, ಚಕ್ರ ಮಿತಿಮೀರಿ ಏರದಂತೆ ತಡೆಯುವ ಫೋಮಿನ ಬಂಪ್ ಸ್ಟಾಪ್‌ಗೆ ತಾಗುವ ಮೊದಲು ಚಕ್ರಕ್ಕೆ 80 ಮಿ.ಮೀ. ಏರಲು ಜಾಗವಿದೆ ಅನ್ನಿ. ಇಳಿಸಿದ ಮೇಲೆ ಉಳಿಯುವುದು 50. ಅದೇ ಗುಂಡಿ, ಅದೇ ವೇಗ. ಅದೇ ಹೊಡೆತವನ್ನು 50ರಲ್ಲಿ ನುಂಗಿಕೊಳ್ಳಲು ಸ್ಪ್ರಿಂಗು ಎಷ್ಟು ಗಟ್ಟಿ ಬೇಕು? 80ನ್ನು 50ರಿಂದ ಭಾಗಿಸಿ ವರ್ಗ ಮಾಡಿ. 2.56 ಪಟ್ಟು. ಅವರು ಕೊಟ್ಟಿದ್ದು 1.3 ಪಟ್ಟು. ಉಳಿದ ಹೊಡೆತ ಬಂಪ್ ಸ್ಟಾಪಿನ ಪಾಲು. ಇಳಿಸಿದ ಗಾಡಿಯವರು "ಸ್ಪ್ರಿಂಗು ತುಂಬಾ ಹಾರ್ಡ್ ಮೇಡಂ" ಅಂತ ನಮ್ಮ ಶೆಡ್ಡಿಗೆ ಬಂದಾಗ ನಾನು ಮೊದಲು ಸ್ಟ್ರಟ್ಟಿನ ಬೂಟು ಮೇಲೆ ಸರಿಸಿ ನೋಡುತ್ತೇನೆ. ಒಳಗಿನ ಹಳದಿ ಫೋಮು ಬೆರಳು ತಾಗಿದರೆ ರಸ್ಕಿನ ಹಾಗೆ ಉದುರುತ್ತದೆ. ಶಾಕ್ಸಿನ ರಾಡಿನ ಮೇಲೆ ಅದರ ಪುಡಿ ಮೆತ್ತಿಕೊಂಡಿರುತ್ತದೆ. ಸ್ಪ್ರಿಂಗು ಪಾಪ ಮೆತ್ತಗೇ ಇದೆ. ಗಾಡಿ ದಿನವಿಡೀ ಓಡುತ್ತಿದ್ದದ್ದು ಆ ಫೋಮಿನ ಮೇಲೆ.

ಈಗ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ಹಂಪ್ ಹಾರಿದ ಮೇಲೆ ಒಂದೆರಡು ಸಲ ತೂಗುತ್ತದೆ ಅಂದಿದ್ದೀರಿ. ಅದು ಸ್ಪ್ರಿಂಗಿನ ದೂರಲ್ಲ, ಶಾಕ್ಸಿನದ್ದು. 70 ಸಾವಿರ ಓಡಿದ ಶಾಕ್ಸು ಹೊರಗೆ ಎಣ್ಣೆ ಸೋರದಿದ್ದರೂ ಒಳಗೆ ಸೋತಿರಬಹುದು. ಸೋತ ಶಾಕ್ಸಿನ ಮೇಲೆ ಗಟ್ಟಿ ಸ್ಪ್ರಿಂಗು ಹಾಕಿದರೆ ಜಂಪಿಂಗ್ ಇನ್ನೂ ಜಾಸ್ತಿ. ಹಿಡಿಯುವ ಕೈ ಸೋತಿದೆ, ತಳ್ಳುವ ಬಲ ಏರಿದೆ. 30 ಪರ್ಸೆಂಟ್ ಗಟ್ಟಿ ಸ್ಪ್ರಿಂಗಿಗೆ ಸುಮಾರು 14 ಪರ್ಸೆಂಟ್ ಜಾಸ್ತಿ ಹಿಡಿತದ ಶಾಕ್ಸು ಬೇಕು, ಅದೂ ಹೊಸದು.

ನಾನಾಗಿದ್ದರೆ ನಾಲ್ಕೂ ಶಾಕ್ಸು, ಸ್ಟ್ರಟ್ ಮೌಂಟು, ಬಂಪ್ ಸ್ಟಾಪು, ಲಿಂಕ್ ರಾಡು ಹೊಸದು ಹಾಕಿಸುತ್ತಿದ್ದೆ. ಕಂಪನಿ ಸ್ಪ್ರಿಂಗೇ ಇರಲಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ ಒಳ್ಳೆಯ ಟೈರು ಹಾಕಿ ಅರಬೈಲ್ ಇಳಿದು ನೋಡಿ. ಆಗಲೂ ವಾಲುವುದು ಜಾಸ್ತಿ ಅನ್ನಿಸಿದರೆ 15 ಮಿ.ಮೀ.ಗಿಂತ ಹೆಚ್ಚು ಇಳಿಸದ, 20ರಿಂದ 30 ಪರ್ಸೆಂಟ್ ಗಟ್ಟಿಯ ಸ್ಪ್ರಿಂಗು ಹುಡುಕಿ. ಹುಡುಕುವಾಗ ಪರ್ಸೆಂಟ್ ಬೇಡ, ಮುಂದೆ ಎಷ್ಟು ನ್ಯೂಟನ್, ಹಿಂದೆ ಎಷ್ಟು ನ್ಯೂಟನ್ ಅಂತ ಬರವಣಿಗೆಯಲ್ಲಿ ಕೇಳಿ. ಕೊಡದವರ ಹತ್ತಿರ ತಗೊಳ್ಳಬೇಡಿ.

ಪ್ರಶ್ನೆ: ಹೊಸ ಸ್ಪ್ರಿಂಗಿಗೆ ದುಡ್ಡು ಯಾಕೆ ಸುರಿಯುತ್ತೀರಿ, ಇರುವುದನ್ನೇ ಒಂದು ಸುತ್ತು ಕತ್ತರಿಸಿ ಕೊಡುತ್ತೇನೆ, ಇಳಿಯುತ್ತದೆ, ಹಾರ್ಡೂ ಆಗುತ್ತದೆ ಅನ್ನುತ್ತಾನೆ ನಮ್ಮ ಮೆಕ್ಯಾನಿಕ್. ನಿಜವೇ?
ಓದುಗರು, ಮೈಸೂರು

ಉತ್ತರ: ಹಾರ್ಡ್ ಆಗುವುದು ನಿಜ. ಕೆಲಸ ಮಾಡುವ ಸುತ್ತು ನಾಲ್ಕಿದ್ದದ್ದು ಮೂರಾದರೆ 33 ಪರ್ಸೆಂಟ್ ಗಟ್ಟಿ. ಆದರೆ ಕತ್ತರಿಸಿದ ತುದಿ ಸೀಟಿನ ಮೇಲೆ ಮಟ್ಟವಾಗಿ ಕೂರುವುದಿಲ್ಲ. ಸ್ಪ್ರಿಂಗು ಗಿಡ್ಡವಾದ್ದರಿಂದ ಚಕ್ರ ಪೂರ್ತಿ ಕೆಳಗಿಳಿದಾಗ ಅದು ಸಡಿಲವಾಗಿ ಸೀಟಿನಿಂದ ಜಾರುತ್ತದೆ. ಗ್ಯಾಸ್ ಕಟರ್ ಹಿಡಿದರಂತೂ ಆ ಬಿಸಿಗೆ ಉಕ್ಕಿನ ಹದವೇ ಕೆಡುತ್ತದೆ, ಒಂದಿನ ಅಲ್ಲೇ ಲಟಕ್. ಬೇಡ. ಆ ಮೆಕ್ಯಾನಿಕ್ ಬೇರೆ ಕೆಲಸಕ್ಕೆ ಒಳ್ಳೆಯವರೇ ಇರಬಹುದು, ಈ ಕೆಲಸಕ್ಕೆ ಕೊಡಬೇಡಿ.

ಪ್ರಶ್ನೆ: ಗುಜರಿಯಲ್ಲಿ ಒಂದು ಜೊತೆ ಸ್ಪ್ರಿಂಗು ಸಿಕ್ಕಿತು. ಯಾವ ಗಾಡಿಯದ್ದೋ ಗೊತ್ತಿಲ್ಲ. ನನ್ನ ಸ್ವಿಫ್ಟಿನದ್ದಕ್ಕಿಂತ ಗಟ್ಟಿಯೋ ಮೆತ್ತಗೋ ಅಂತ ಮನೆಯಲ್ಲೇ ತಿಳಿಯುವ ದಾರಿ ಇದೆಯಾ ಮೇಡಂ?
ಓದುಗರು, ಮಂಗಳೂರು

ಉತ್ತರ: ಇದೆ ಮಾರಾಯ್ರೆ. ಒಂದು ವರ್ನಿಯರ್ ಕ್ಯಾಲಿಪರ್ ಸಾಕು. ಮೂರು ಅಳತೆ ತೆಗೆಯಿರಿ. ಒಂದು, ತಂತಿಯ ದಪ್ಪ. ಎರಡು, ಸುರುಳಿಯ ಅಗಲ: ಹೊರಗಿನಿಂದ ಹೊರಗೆ ಅಳೆದು ಒಂದು ತಂತಿ ದಪ್ಪ ಕಳೆಯಿರಿ. ಮೂರು, ಕೆಲಸ ಮಾಡುವ ಸುತ್ತು: ಮೇಲೆ ಕೆಳಗೆ ಸೀಟಿಗೆ ಅಂಟಿಕೊಂಡ ಭಾಗ ಬಿಟ್ಟು ಎಣಿಸಿ. ತಂತಿ ದಪ್ಪವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ (ನಾಲ್ಕನೇ ಘಾತ), ಅದಕ್ಕೆ 79,000 ಗುಣಿಸಿ. ಇದು ಮೇಲಿನ ಸಂಖ್ಯೆ. ಅಗಲವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ (ಘನ), ಸುತ್ತಿನ ಸಂಖ್ಯೆಯಿಂದ ಗುಣಿಸಿ, 8ರಿಂದ ಗುಣಿಸಿ. ಇದು ಕೆಳಗಿನ ಸಂಖ್ಯೆ. ಭಾಗಿಸಿದರೆ ಮಿ.ಮೀ.ಗೆ ಇಷ್ಟು ನ್ಯೂಟನ್ ಅಂತ ಬರುತ್ತದೆ. ಆ 79,000 ಸ್ಪ್ರಿಂಗ್ ಉಕ್ಕಿನ ಗುಣ. ಗಟ್ಟಿ ಸ್ಪ್ರಿಂಗಿಗೂ ಮೆತ್ತನೆಯದಕ್ಕೂ ಹೆಚ್ಚುಕಡಿಮೆ ಅದೇ. "ಇಂಪೋರ್ಟೆಡ್ ಸ್ಟೀಲು, ಅದಕ್ಕೇ ಹಾರ್ಡು" ಅಂತ ಯಾರಾದರೂ ಹೇಳಿದರೆ ನಕ್ಕು ಬನ್ನಿ.

12.5 ಮಿ.ಮೀ. ತಂತಿ, 140 ಮಿ.ಮೀ. ಅಗಲ, 4 ಸುತ್ತು ಹಾಕಿ ನೋಡಿ. 22 ಬರುತ್ತದೆ. ತಂತಿಯನ್ನು 13 ಮಾಡಿ, ಉಳಿದದ್ದು ಹಾಗೇ ಇರಲಿ. 25.7 ಆಯಿತು! ಅರ್ಧ ಮಿ.ಮೀ.ಗೆ 17 ಪರ್ಸೆಂಟ್. ಇಲ್ಲೇ ಎಲ್ಲರೂ ಜಾರುವುದು. ಸ್ಪ್ರಿಂಗಿನ ಮೇಲೆ ಬಣ್ಣ ಇರುತ್ತದಲ್ಲ, ಒಂದೊಂದು ಬದಿಗೆ 0.1 ಮಿ.ಮೀ. ಇದ್ದರೂ ಅಳತೆ 0.2 ಜಾಸ್ತಿ ತೋರಿಸುತ್ತದೆ. ಅಷ್ಟಕ್ಕೇ ಲೆಕ್ಕ 6 ಪರ್ಸೆಂಟ್ ತಪ್ಪುತ್ತದೆ. ಬಣ್ಣ ಕೆರೆಯಲು ಹೋಗಬೇಡಿ, ನಿಮ್ಮ ಕಡಲ ಗಾಳಿಗೆ ಕೆರೆದ ಜಾಗ ಮೊದಲು ತುಕ್ಕು ಹಿಡಿಯುತ್ತದೆ. ಬಣ್ಣ ಈಗಾಗಲೇ ಎದ್ದಿರುವ ಜಾಗ ಹುಡುಕಿ ಅಳೆಯಿರಿ. ಗುಜರಿ ಮಾಲಿನಲ್ಲಿ ಅದಕ್ಕೇನೂ ಬರ ಇರಲಿಕ್ಕಿಲ್ಲ. ಇನ್ನೊಂದು ವಿಷಯ, ಸುತ್ತುಗಳ ನಡುವಿನ ಸಂದು ಒಂದು ಕಡೆ ಕಿರಿದು, ಒಂದು ಕಡೆ ಅಗಲ ಇದ್ದರೆ ಅದು ಪ್ರೋಗ್ರೆಸಿವ್ ಸ್ಪ್ರಿಂಗು. ಒತ್ತಿದಷ್ಟೂ ಕಿರಿದು ಸಂದಿನ ಸುತ್ತುಗಳು ಒಂದಕ್ಕೊಂದು ಕೂತು ಸ್ಪ್ರಿಂಗು ಗಟ್ಟಿಯಾಗುತ್ತ ಹೋಗುತ್ತದೆ. ಅದಕ್ಕೆ ಈ ಲೆಕ್ಕದ ಒಂದೇ ಉತ್ತರ ಹೊಂದುವುದಿಲ್ಲ.

ಗಾಡಿಯಲ್ಲಿರುವ ಸ್ಪ್ರಿಂಗಿನ ಗಟ್ಟಿತನ ತಿಳಿಯಲು ಇದಕ್ಕಿಂತ ಸುಲಭ ದಾರಿ ಅಕ್ಕಿ ಮೂಟೆ. ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ನೇರ ಮೇಲೆ ಫೆಂಡರಿನ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರು ಕುಗ್ಗಿದ್ದೂ ಸೇರಿಬಿಡುತ್ತದೆ. ಆಮೇಲೆ 25 ಕೆಜಿಯ ನಾಲ್ಕು ಮೂಟೆಗಳನ್ನು ಹಿಂದಿನ ಆಕ್ಸಲಿನ ನೇರಕ್ಕೆ ಬರುವಂತೆ ಎರಡೂ ಬದಿಗೆ ಸಮನಾಗಿ ಇಡಿ. ಗಾಡಿಯನ್ನು ಕೈಯಲ್ಲಿ ಕುಲುಕಿ, ಒಂದು ಮೀಟರ್ ಮುಂದೆ ಹಿಂದೆ ತಳ್ಳಿ. ಬುಷ್ಷುಗಳು ಹಿಡಿದುಕೊಂಡು ಅಳತೆ ತಪ್ಪಿಸುತ್ತವೆ, ಅದಕ್ಕೆ. ಮತ್ತೆ ಅಳೆಯಿರಿ. 30 ಮಿ.ಮೀ. ಇಳಿದಿದ್ದರೆ 981ನ್ನು (100 ಕೆಜಿಯ ನ್ಯೂಟನ್ ಲೆಕ್ಕ) 60ರಿಂದ (ಎರಡು ಬದಿ, ತಲಾ 30) ಭಾಗಿಸಿ. 16.4 ಬಂತು. ಇದು ನೇರ ಚಕ್ರದ ಬಳಿಯ ಗಟ್ಟಿತನ. ಅನುಪಾತ, ವರ್ಗ ಅಂತ ತಲೆ ಕೆಡಿಸಿಕೊಳ್ಳುವ ಗೊಡವೆಯೇ ಇಲ್ಲ. ಸ್ಪ್ರಿಂಗು ಬದಲಿಸುವ ಮೊದಲು ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಮಾಡಿ. ಮಾರಿದವರು ಹೇಳಿದ ಪರ್ಸೆಂಟ್ ನಿಜವೋ ಸುಳ್ಳೋ ಅಂತ ಅಕ್ಕಿಯೇ ಹೇಳುತ್ತದೆ.

ಯಾವ ಗಾಡಿಯದ್ದೋ ಗೊತ್ತಿಲ್ಲದ ಸ್ಪ್ರಿಂಗನ್ನು ಮಾತ್ರ ಹಾಕಿಸಬೇಡಿ. ಅಳೆದು ಕಲಿಯಲು ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಐ20 ಎನ್ ಲೈನ್. ಐದು ಜನ ಕೂತರೆ ಹಂಪಿನಲ್ಲಿ ಹಿಂದೆ ಧಡ್ ಅನ್ನುತ್ತದೆ. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿ ಅಂತಾರೆ. ಹಾಕಿಸಲಾ?
ಓದುಗರು, ಮಡಿಕೇರಿ

ಉತ್ತರ: ಆ ರಬ್ಬರು ಕೂತ ಜಾಗದ ಸುತ್ತು ಪೂರ್ತಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಸುತ್ತು ಕಡಿಮೆಯಾಗಿ ಸ್ಪ್ರಿಂಗು ಗಟ್ಟಿಯಾಗುತ್ತದೆ. ಧಡ್ ಅನ್ನುವುದು ಕಡಿಮೆಯಾದೀತು. ಆದರೆ ಉಳಿದ ಸುತ್ತುಗಳ ಮೇಲೆ ಹೊರೆ ಜಾಸ್ತಿ. ರಬ್ಬರಿನ ಸಂದಿಯಲ್ಲಿ ನಿಮ್ಮೂರಿನ ಮಳೆ ಕೆಸರು ಕೂತು ತುಕ್ಕೂ ಶುರುವಾಗುತ್ತದೆ. ಮೊದಲು ಹಿಂದಿನ ಬಂಪ್ ಸ್ಟಾಪು, ಶಾಕ್ಸು ತೋರಿಸಿ. ಟೈರಿನ ಗಾಳಿಯನ್ನು ಬಾಗಿಲ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿಗೆ ಎಷ್ಟು ಹೇಳಿದೆಯೋ ಅಷ್ಟು ಇಡಿ.

ತಪ್ಪು ಬರೀ ಗಾಡಿಯದ್ದೂ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬೇಕು ಅಂತ ಮಾಡಿದ ಲೆಕ್ಕ ಅದು. ನಿಮ್ಮ ಬೀದಿಯ ಹಂಪಿಗೆ ಟೇಪ್ ಹಿಡಿದು ನೋಡಿ. ಒಂದು ಮೀಟರ್ ಅಗಲ ಸಿಕ್ಕರೆ ಪುಣ್ಯ.

ಪ್ರಶ್ನೆ: ನಮಸ್ಕಾರ ಅಕ್ಕ. ನಾನು ಸ್ಟುಟ್‌ಗಾರ್ಟ್‌ನಲ್ಲಿರುವ ದಾವಣಗೆರೆಯವನು. ಇಲ್ಲಿ ಹಳೆಯ ಗಾಲ್ಫ್ ಜಿಟಿಐ ಇಟ್ಟುಕೊಂಡಿದ್ದೇನೆ. ಟ್ರ್ಯಾಕಿನಲ್ಲಿ ಗೆಳೆಯ ತೆಗೆದ ಫೋಟೊದಲ್ಲಿ ತಿರುವಿನ ಒಳಬದಿಯ ಹಿಂದಿನ ಚಕ್ರ ಗಾಳಿಯಲ್ಲಿದೆ! ಸ್ಪ್ರಿಂಗು ಅತಿ ಹಾರ್ಡ್ ಆಯಿತಾ? ಇನ್ನೊಂದು: ಹೊಸ ಜಿಟಿಐಗಳಲ್ಲಿ ಸ್ಪೋರ್ಟ್ ಬಟನ್ ಒತ್ತಿದರೆ ಸ್ಪ್ರಿಂಗು ಗಟ್ಟಿಯಾಗುತ್ತಾ? ಇಲ್ಲಿ ಸ್ಪ್ರಿಂಗು ಬದಲಿಸಿದರೆ ಗಾಡಿ ತಪಾಸಣೆ ಮಾಡುವ ಟ್ಯೂಫ್‌ನವರ ಹತ್ತಿರ ಹೋಗಲೇಬೇಕು. ಊರಲ್ಲಿ ಏನು ಕಥೆ?

ಉತ್ತರ: ಫೋಟೊ ಫ್ರೇಮ್ ಹಾಕಿಸಿ. 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಜಿಟಿಐ ಕಾಲದಿಂದಲೂ ಗಾಲ್ಫ್ ತಿರುವಿನಲ್ಲಿ ಕಾಲೆತ್ತುತ್ತದೆ. 110 ಪಿಎಸ್ ಎಂಜಿನ್ನು, ಸುಮಾರು 800 ಕೆಜಿ ತೂಕ, ಅದರಲ್ಲಿ ಹೆಚ್ಚಿನ ಪಾಲು ಮುಂದೆಯೇ. ಮುಂದಿನ ಚಕ್ರವೇ ಎಳೆಯಬೇಕು, ತಿರುಗಬೇಕು, ಬ್ರೇಕೂ ಹೆಚ್ಚು ಅದೇ ಹಿಡಿಯಬೇಕು.

ತಿರುವಿನಲ್ಲಿ ಒಳಬದಿಯಿಂದ ಹೊರಬದಿಗೆ ಎಷ್ಟು ಭಾರ ಸಾಗುತ್ತದೆ ಅನ್ನುವುದನ್ನು ಸ್ಪ್ರಿಂಗು ತೀರ್ಮಾನ ಮಾಡುವುದಿಲ್ಲ. ಗಾಡಿಯ ಭಾರದ ಕೇಂದ್ರ ಎಷ್ಟು ಎತ್ತರ, ಚಕ್ರಗಳ ನಡುವೆ ಎಷ್ಟು ಅಗಲ, ಎಷ್ಟು ಜೋರಾಗಿ ತಿರುಗಿಸಿದಿರಿ, ಇಷ್ಟೇ. ಕಬ್ಬಿಣದ ಸಲಾಕೆ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಭಾರ ಸಾಗುತ್ತದೆ. ಸ್ಪ್ರಿಂಗು ಮತ್ತು ಆ್ಯಂಟಿ ರೋಲ್ ಬಾರು (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಹಂಚಿಕೆಯನ್ನು ಮಾತ್ರ ಮಾಡುತ್ತವೆ: ಅದರಲ್ಲಿ ಮುಂದಿನ ಜೋಡಿಗೆ ಎಷ್ಟು, ಹಿಂದಿನ ಜೋಡಿಗೆ ಎಷ್ಟು ಅಂತ. ಹಿಂದೆ ಗಟ್ಟಿ ಮಾಡಿದರೆ ಹಿಂದಿನ ಜೋಡಿ ಜಾಸ್ತಿ ಹೊರುತ್ತದೆ. ಹಿಂದೆ ಭಾರವೇ ಕಡಿಮೆ ಇರುವುದರಿಂದ ಒಳಚಕ್ರ ಖಾಲಿಯಾಗಿ ಎದ್ದುಬಿಡುತ್ತದೆ. ಮುಂದಿನ ಎರಡೂ ಟೈರು ನೆಲ ಕಚ್ಚಿಕೊಂಡಿರುತ್ತವೆ, ಮೂತಿ ತಿರುವಿಗೆ ಬಗ್ಗುತ್ತದೆ. ವಾಲುವುದು ಕಡಿಮೆಯಾದರೆ ಗ್ರಿಪ್ ಜಾಸ್ತಿ ಅಂತ ನಂಬಿ ಮುಂದೆ ಮಾತ್ರ ಗಟ್ಟಿ ಮಾಡುವವರ ಗಾಡಿ ನೇರ ಚರಂಡಿ ಕಡೆ ಹೋಗಲು ನೋಡುತ್ತದೆ. ಕಾಲೆತ್ತಿದ್ದು ಅತಿಯಾಯಿತು ಅಂತ ತಿಳಿಯುವುದು ಹೇಗೆ? ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಾಲ ಹೊರಗೆ ಹೋದರೆ ಹಿಂದಿನ ಬಾರನ್ನು ಒಂದು ಸೈಜು ಇಳಿಸಿ. ಮಳೆಯಲ್ಲಿ ಆಟೋಬಾನ್ ಇಳಿಜಾರಿನ ತಿರುವಿನಲ್ಲಿ ಇದನ್ನು ಪರೀಕ್ಷೆ ಮಾಡಬೇಡಿ ತಮ್ಮಾ.

ಸ್ಪೋರ್ಟ್ ಬಟನ್ ಸ್ಪ್ರಿಂಗನ್ನು ಮುಟ್ಟುವುದೇ ಇಲ್ಲ. ಬಟನ್ನಿಗೆ ಬದಲಾಗುವ ಶಾಕ್ಸು ಇರುವ ಗಾಡಿಯಲ್ಲಿ ಅದರ ಒಳಗಿನ ವಾಲ್ವ್ ಬಿಗಿಯಾಗುತ್ತದೆ, ಎಣ್ಣೆ ಕಷ್ಟಪಟ್ಟು ಹರಿಯುತ್ತದೆ, ಗಾಡಿ ಗಟ್ಟಿ ಅನ್ನಿಸುತ್ತದೆ. ನಿಲ್ಲಿಸಿದ ಗಾಡಿಯಲ್ಲಿ ಬಟನ್ ಒತ್ತಿ ಮೂಟೆ ಹೇರಿ ಅಳೆದರೆ ಕಂಫರ್ಟಿನಲ್ಲೂ ಸ್ಪೋರ್ಟಿನಲ್ಲೂ ಒಂದೇ ಅಳತೆ.

ಊರಿನ ಕಥೆ ಕೇಳಿದಿರಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಅಂಗಡಿಯಲ್ಲಿ ಮಾಲು ಸಿಗುತ್ತದೆ ಅನ್ನುವುದು ಬೇರೆ, ರಸ್ತೆಗೆ ಒಪ್ಪಿಗೆ ಇದೆ ಅನ್ನುವುದು ಬೇರೆ. ಹುಬ್ಬಳ್ಳಿಯವರೂ ಇದನ್ನು ಓದಿಕೊಳ್ಳಲಿ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಬದಲಿಸಿದರೆ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು.

ಪ್ರಶ್ನೆ: ಕಾಯಿಲ್ ಸ್ಪ್ರಿಂಗೇ ಇಲ್ಲದ ಹಾಟ್ ಹ್ಯಾಚ್ (ಜೋರು ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್) ಇತ್ತಾ? ಗೆಳೆಯನ ಜೊತೆ ಪಂದ್ಯ ಕಟ್ಟಿದ್ದೇನೆ.
ಡಿಪ್ಲೊಮಾ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇತ್ತು ಅಂತ ಕಟ್ಟಿದ್ದರೆ ಗೆದ್ದಿರಿ. 1984ರ ಪ್ಯೂಜೊ 205 ಜಿಟಿಐ ಹಿಂದೆ ಕಾಯಿಲ್ ಇಲ್ಲ. ಅಡ್ಡಲಾಗಿ ಮಲಗಿಸಿದ ಉಕ್ಕಿನ ಸರಳುಗಳು, ಚಕ್ರ ಏರಿದಾಗ ತಿರುಚಿಕೊಳ್ಳುತ್ತವೆ. ಟಾರ್ಷನ್ ಬಾರ್ ಅನ್ನುತ್ತೇವೆ. ಗಾಡಿಯ ಬಾಲ ಇಳಿಸಬೇಕು ಅಂದರೆ ಸರಳನ್ನು ಹೊರಗೆಳೆದು, ಹಲ್ಲು ತಪ್ಪಿಸಿ, ಬೇರೆ ಹಲ್ಲಿಗೆ ಕೂರಿಸಬೇಕು. ತುಕ್ಕು ಹಿಡಿದಿದ್ದರೆ ಆ ದಿನದ ಬೇರೆ ಕೆಲಸ ಮರೆತುಬಿಡಿ. 205ರ ಮುಂದೆ ಕಾಯಿಲ್ ಇದೆ ಅಂತ ಗೆಳೆಯ ತಕರಾರು ತೆಗೆದರೆ ಮಿನಿ ಹೆಸರು ಹೇಳಿ. 1959ರ ಮಿನಿಗೆ ನಾಲ್ಕೂ ಚಕ್ರಕ್ಕೆ ರಬ್ಬರ್ ಕೋನು, ಅಲೆಕ್ಸ್ ಮೌಲ್ಟನ್ ಮಾಡಿದ್ದು. ಒತ್ತಿದಷ್ಟೂ ಗಟ್ಟಿಯಾಗುವುದು ರಬ್ಬರಿನ ಗುಣ, ಹಾಗಾಗಿ ಒಬ್ಬರಿದ್ದರೂ ನಾಲ್ವರಿದ್ದರೂ ಅಷ್ಟೊಂದು ವ್ಯತ್ಯಾಸ ಆಗುತ್ತಿರಲಿಲ್ಲ. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ ಕೂಪರ್ ಎಸ್ ಆ ವಂಶದ್ದೇ. "ಆಗ ಹಾಟ್ ಹ್ಯಾಚ್ ಅನ್ನುವ ಮಾತೇ ಇರಲಿಲ್ಲ, ಅದಕ್ಕೆ ಹಿಂದಿನ ಬಾಗಿಲೂ ಇರಲಿಲ್ಲ" ಅಂತ ಅವನು ಅಂದರೆ ಅವನದ್ದೂ ಸರಿ, ಟೀ ದುಡ್ಡು ಅರ್ಧ ಅರ್ಧ ಹಾಕಿಕೊಳ್ಳಿ.

ಪರೀಕ್ಷೆಗೆ ಬೇಕಾದರೆ ಇಟ್ಟುಕೊಳ್ಳಿ: ಕಾಯಿಲ್ ಅಂದರೂ ಸುರುಳಿ ಸುತ್ತಿದ ಟಾರ್ಷನ್ ಬಾರೇ. ಸ್ಪ್ರಿಂಗು ಒತ್ತಿದಾಗ ಅದರ ತಂತಿ ತಿರುಚಿಕೊಳ್ಳುತ್ತದೆ. ತಂತಿಯ ದಪ್ಪ ನಾಲ್ಕು ಸಲ ಗುಣಿಸಿಕೊಂಡು ಲೆಕ್ಕಕ್ಕೆ ಬರುವುದು ಅದಕ್ಕೇ. ಎಳೆದಷ್ಟೂ ಬಲ ಅನ್ನುವ ತನ್ನ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರ ಕಲಸಿದ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ. ಬೇರೆಯವರು ಕದಿಯದಿರಲಿ ಅಂತ!

ಪ್ರಶ್ನೆ: ಅದೇ ಮಾಡೆಲ್ಲಿನ ಡೀಸೆಲ್ ಗಾಡಿಯ ಮುಂದಿನ ಸ್ಪ್ರಿಂಗು ನನ್ನ ಪೆಟ್ರೋಲಿಗೆ ಹಾಕಿದರೆ ಅಗ್ಗದಲ್ಲಿ ಹಾರ್ಡ್ ಆಗುತ್ತದಂತೆ. ಹೌದಾ?
ಓದುಗರು, ಕಲಬುರಗಿ

ಉತ್ತರ: ಹಾರ್ಡ್ ಆಗಬಹುದು, ಜೊತೆಗೆ ಮೂತಿಯೂ ಏರುತ್ತದೆ. ಡೀಸೆಲ್ ಎಂಜಿನ್ ಭಾರ, ಅದನ್ನು ಹೊತ್ತು ಮಟ್ಟಕ್ಕೆ ನಿಲ್ಲುವಂತೆ ಆ ಸ್ಪ್ರಿಂಗು ಮಾಡಿರುತ್ತಾರೆ. ಹಗುರ ಎಂಜಿನ್ನಿನ ಕೆಳಗೆ ಅದು ಅಷ್ಟು ಕುಗ್ಗುವುದಿಲ್ಲ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಸ್ಪ್ರಿಂಗಿನ ಮೇಲೆ ಬಣ್ಣದ ಚುಕ್ಕೆಗಳಿರುತ್ತವಲ್ಲ, ಯಾವ ಭಾರಕ್ಕೆ ಯಾವ ಸ್ಪ್ರಿಂಗು ಅಂತ ಕಾರ್ಖಾನೆಯವರು ಹಾಕಿದ ಗುರುತು ಅದು. ಹೊಸದು ತರುವಾಗ ನಿಮ್ಮ ಗಾಡಿಯ ಚುಕ್ಕೆಗಳ ಫೋಟೊ ತೆಗೆದುಕೊಂಡು ಹೋಗಿ. ಕಲಬುರಗಿ ದೂಳಿನಲ್ಲಿ ಅವು ಕಾಣದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ ಹಾಕಬೇಡಿ, ಚುಕ್ಕೆಯೂ ಹೋಗುತ್ತದೆ.